ಪೊಳ್ಳಿನ ಪಾಲು

ಜನವರಿ ೬

ಅಪ್ಪ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ. ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು ಆಮೇಲೆ ಓದಿ. ಒಳ್ಳೆಯ ಸುದ್ದಿ ಮೊದಲು ಹೇಳುತ್ತೇನೆ, ಇನ್ನೊಂದು ಕೊನೆಗೆ.

ನಮ್ಮ ಬದುವಿನ ತೇಗದ ಮರಗಳು ಕಡಿಯುವ ಹದಕ್ಕೆ ಬಂದಿವೆ. ಇಪ್ಪತ್ತೆರಡು ವರ್ಷದ ಹಿಂದೆ ಅತ್ತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳು. ಮೊನ್ನೆ ಒಂದು ಹೊಸ ಟೇಪು ಕೊಂಡೆ. ಅಂದಿನಿಂದ ನನ್ನ ಕೈ ಸುಮ್ಮನಿಲ್ಲ. ನಮ್ಮ ಮರ, ಪಕ್ಕದವರ ಮರ, ಬಾವಿಕಟ್ಟೆ, ಕೊನೆಗೆ ನಿಮ್ಮ ಅಳಿಯನ ಸೊಂಟ, ಎಲ್ಲವನ್ನೂ ಅಳೆದಾಯಿತು. ಬದುವಿನ ಮೂಲೆಯ ದೊಡ್ಡ ಮರ ಮೂವತ್ನಾಲ್ಕು ಘನ ಅಡಿ ಬರುತ್ತದೆ ಅಪ್ಪ. ನಂಬಿಕೆಯಾಗದೆ ಮೂರು ಸಲ ಅಳೆದೆ. ಊಟಕ್ಕೆ ಕೂತರೂ ಅದೇ ಮಾತು. "ಮೂವತ್ನಾಲ್ಕು ತುತ್ತು ಆಯ್ತಾ, ಇನ್ನು ಏಳ್ತೀಯಾ" ಅಂತ ಅತ್ತೆ ರೇಗಿಸುತ್ತಾರೆ.

ಇಲ್ಲಿಯವರೆಗೆ ನಮ್ಮೂರಲ್ಲಿ ಯಾರಿಗೆ ಕೈ ಬಿಗಿಯಾಯಿತೋ ಅವರು ಒಂದೊಂದೇ ಮರ ಮಾರುತ್ತಿದ್ದರು. ವ್ಯಾಪಾರಿ ಬಂದು, ನಿಂತ ಮರವನ್ನು ನೋಡಿ, ಇಷ್ಟು ಅಂದರೆ ಇಷ್ಟು. ಈ ಸಲ ಹನ್ನೊಂದು ಮನೆಯವರು ಸೇರಿದ್ದೇವೆ. ಮನೆಗೊಂದು ಮರ, ಹನ್ನೊಂದು ಮರ, ಒಂದು ಲಾರಿ. ಎಲ್ಲರನ್ನೂ ಒಪ್ಪಿಸಿದವಳು ನಾನೇ. ನಾಲಿಗೆ ಇನ್ನೂ ನೋಯುತ್ತಿದೆ.

ಈಗ ಇನ್ನೊಂದು ಸುದ್ದಿ. ನನಗೆ ಆರು ವರ್ಷವಿದ್ದಾಗ ವ್ಯಾಪಾರಕ್ಕೆ ಮರ ನೋಡಲು ಹೋಗುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದಿರಿ. ಮರವನ್ನು ಅಪ್ಪಿ, ತುದಿಯವರೆಗೆ ನೋಡಿ, ಯಜಮಾನನಿಗೆ "ಹನ್ನೆರಡು ಅಡಿ" ಅನ್ನುತ್ತಿದ್ದಿರಿ. ವಾಪಸು ಬರುವಾಗ ನನ್ನ ಕಿವಿಯಲ್ಲಿ "ಹದಿನಾರು" ಅನ್ನುತ್ತಿದ್ದಿರಿ. ಮನುಷ್ಯರಿಗೆ ಮನೆಯಲ್ಲೊಂದು ಶಾಲೆಯಲ್ಲೊಂದು ಹೆಸರಿರುವಂತೆ ಮರಗಳಿಗೂ ಎರಡು ಸಂಖ್ಯೆ ಇರುತ್ತವೆ ಎಂದುಕೊಂಡಿದ್ದೆ. ನಿನ್ನೆ ಸಭೆಯಲ್ಲಿ ಆ ಕಿವಿಯ ಸಂಖ್ಯೆಯ ವಿಷಯ ಹೇಳಿಬಿಟ್ಟೆ. ಬಾಯಿ ತಪ್ಪಿ ಅಲ್ಲ, ಬೇಕೆಂದೇ ಹೇಳಿದೆ. ಹೇಳದೆ ಅವರನ್ನು ಒಪ್ಪಿಸಲು ಆಗುತ್ತಿರಲಿಲ್ಲ.

ಸಿಟ್ಟಾಗಿ, ಆದರೆ ಉತ್ತರ ಬರೆಯಿರಿ.

ನಿಮ್ಮ ಮಗಳು

* * *

ಜನವರಿ ೧೫

ಮಗಳೇ,

ನಿಂತೇ ಓದಿದೆ. ಮರದ ಅಂಗಳದ ನಡುವೆ, ಗುಮಾಸ್ತನ ಎದುರಿಗೆ. ನನ್ನ ಮುಖ ನೋಡಿ ಅವನು ಯಾರೋ ಸತ್ತರು ಎಂದುಕೊಂಡು ಚಪ್ಪಲಿ ಹಾಕಿಕೊಂಡ.

ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ನೀನೇ. ನಲವತ್ತು ವರ್ಷ ಈ ಪೇಟೆಯಲ್ಲಿ ನನ್ನ ಮಾತಿಗೊಂದು ತೂಕವಿದೆ. ಆರು ವರ್ಷದ ಕೂಸಿಗೆ ಕಿವಿಯಲ್ಲಿ ಹೇಳಿದ್ದನ್ನು ಮೂವತ್ತೈದು ವರ್ಷದ ಹೆಂಗಸು ಊರ ಮುಂದೆ ಇಟ್ಟಳು. ನಿನ್ನಮ್ಮ ಕಾಗದ ಓದಿ ನಕ್ಕಳು. ಅವಳನ್ನು ಎರಡು ದಿನ ಮಾತಾಡಿಸಿಲ್ಲ. ಅದಕ್ಕೂ ನಕ್ಕಳು.

ಎರಡು ಸಂಖ್ಯೆ ಗೊತ್ತಿರುವವಳಿಗೆ ಮೂರನೆಯದು ಗೊತ್ತಿಲ್ಲ. ಅದು ನನಗೂ ಗೊತ್ತಿರುವುದಿಲ್ಲ. ಗರಗಸ ಒಳಗೆ ಹೋದ ಮೇಲೆ ಮರವೇ ಹೇಳುವ ಸಂಖ್ಯೆ ಅದು. ಹತ್ತು ಮರ ಕೊಂಡರೆ ಒಂದರ ಹೊಟ್ಟೆ ಪೊಳ್ಳು, ಒಂದಕ್ಕೆ ಸೀಳು, ಒಂದನ್ನು ಕಡಿಯುವವನು ಬಂಡೆಯ ಮೇಲೆ ಬೀಳಿಸುತ್ತಾನೆ. ಆಗ ಯಜಮಾನನ ಮನೆ ಬಾಗಿಲಿಗೆ ಹೋಗಿ "ಅಣ್ಣಾ, ನಿನ್ನ ಮರ ಪೊಳ್ಳು, ದುಡ್ಡು ವಾಪಸು ಕೊಡು" ಅಂದವನಲ್ಲ ನಾನು. ಒಬ್ಬೊಬ್ಬರಲ್ಲೂ ನಾಲ್ಕಡಿ ಹಿಡಿದುಕೊಳ್ಳುತ್ತಿದ್ದದ್ದು ಅದಕ್ಕೆ. ಎಲ್ಲ ಅದಕ್ಕೇ ಅಲ್ಲ, ಒಪ್ಪಿದೆ. ನಿನ್ನ ಶಾಲೆಯ ಖರ್ಚೂ ಅದರಲ್ಲೇ ಬಂತು.

ನಿಮ್ಮ ಹನ್ನೊಂದು ಮರ ನನಗೆ ಬೇಡ. ಫೋನು ಮಾಡಬೇಡ. ಗರಗಸದ ಪಕ್ಕ ಬದುಕಿದ ಕಿವಿ, ಕೇಳಿಸುವುದಿಲ್ಲ. ಗುಮಾಸ್ತ ಎತ್ತಿ ನೀನು ಹೇಳಿದ್ದರಲ್ಲಿ ತನಗೆ ಬೇಕಾದಷ್ಟನ್ನು ನನಗೆ ಹೇಳುತ್ತಾನೆ.

ಇಂತಿ,
ಒಬ್ಬ ಮರದ ವ್ಯಾಪಾರಿ

* * *

ಜನವರಿ ೧೮

ಮಾನ್ಯ ಮರದ ವ್ಯಾಪಾರಿಗಳೇ,

ಕಾಗದ ನಿನ್ನೆ ತಲುಪಿತು, ಬೆಳಗಾಗುತ್ತಲೇ ಬರೆಯುತ್ತಿದ್ದೇನೆ. ಒಲೆಯ ಮೇಲೆ ಹಾಲಿದೆ. ಉಕ್ಕಿದರೆ ಅದರ ನಷ್ಟವೂ ನಿಮ್ಮ ಲೆಕ್ಕಕ್ಕೆ.

ನೀವು ಬೈದದ್ದರಲ್ಲೇ ನನಗೆ ದಾರಿ ಸಿಕ್ಕಿತು. ಮೂರನೇ ಸಂಖ್ಯೆ ಯಾರಿಗೂ ಗೊತ್ತಿಲ್ಲ ಅಂದಿರಲ್ಲ, ಹಾಗಿದ್ದರೆ ಗೊತ್ತಿಲ್ಲದ್ದಕ್ಕೆ ಮೊದಲೇ ಬೆಲೆ ಕಟ್ಟುವುದೇಕೆ? ಗರಗಸವೇ ಹೇಳಲಿ. ನೀವು ಬಂದು ಮರ ನೋಡಿ ಅಳತೆ ಕೂಗಿ. ಅದರ ಮೇಲೆ ಅರ್ಧ ಮುಂಗಡ ಕೊಡಿ. ನಿಮ್ಮ ಕಡೆಯ ಸಾಮಿಲ್ಲಿನಲ್ಲೇ ಕೊಯ್ಯಿಸಿ, ನೀವೇ ಮಾರಿ. ನಿಮಗೆ ಗೊತ್ತಿರುವ ಗಿರಾಕಿಗಳು ನಮಗೆ ಗೊತ್ತಿಲ್ಲ. ಕಡಿಯುವ ಕೂಲಿ, ಲಾರಿ, ಗರಗಸದ ಕೂಲಿ ಕಳೆದು ಉಳಿದದ್ದರಲ್ಲಿ ಆರು ಪಾಲು ಬೆಳೆದವರಿಗೆ, ನಾಲ್ಕು ಪಾಲು ನಿಮಗೆ. ಮುಂಗಡಕ್ಕಿಂತ ಕಡಿಮೆ ಬಂದರೆ ಮರದವರು ವಾಪಸು ಕೊಡುತ್ತೇವೆ. ನೀವು ಯಾರಿಂದಲೂ ನಾಲ್ಕಡಿ ಹಿಡಿದುಕೊಳ್ಳಬೇಕಾಗಿಲ್ಲ, ಯಾರೂ ನಿಮ್ಮನ್ನು ಅನುಮಾನಿಸಬೇಕಾಗಿಲ್ಲ.

ಇದನ್ನು ನಿನ್ನೆ ಸಂಜೆಯೇ ಊರಲ್ಲಿ ಹೇಳಿದೆ, ನಕ್ಕರು. ನಮ್ಮಲ್ಲೊಬ್ಬ ಹಿರಿಯರಿದ್ದಾರೆ, ಬಿಸಿಲಿದ್ದರೆ ಬಿಸಿಲಿಗೆ ನೆರಳಿದ್ದರೆ ನೆರಳಿಗೆ ಗೊಣಗುತ್ತಾರೆ, ಎಲ್ಲರೂ ಗೊಣಗಣ್ಣ ಅನ್ನುತ್ತೇವೆ. ಅವರ ಮಾತು: "ವ್ಯಾಪಾರಿ ಪಾಲು ಕೊಡ್ತಾನಾ? ಬೆಕ್ಕು ಹಾಲು ಅಳೆದು ಕೊಟ್ಟ ಹಾಗೆ." ನಮ್ಮಪ್ಪ ಕೊಡುತ್ತಾರೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ಇದು ಕೆಟ್ಟರೆ ನಾಳೆ ನನಗೆ ಈ ಊರಲ್ಲಿ ಮುಖವಿಲ್ಲ, ಅಲ್ಲಿ ಅಪ್ಪನಿಲ್ಲ. ಗೊತ್ತಿದ್ದೇ ಮಾಡಿದ್ದೇನೆ.

ಕೆಳಪೇಟೆಯ ಆ ಕನ್ನಡಕ ಹಾಕುವ ಮರದ ವ್ಯಾಪಾರಿ ಮೊನ್ನೆ ಬಂದು ಮರಗಳ ಕಡೆ ನೋಡಿಕೊಂಡು ಹೋದ. ಸುಮ್ಮನೆ ತಿಳಿಸಿದೆ.

ಹಾಲು ಉಕ್ಕಿತು.

ನಿಮ್ಮ ಮಗಳು

* * *

ಫೆಬ್ರವರಿ ೮

ಟೇಪಮ್ಮನವರಿಗೆ,

ಮೂರು ವಾರ ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ಒಗೆಯಲು ಹಾಕಿದ ಅಂಗಿಯಿಂದ ನಿನ್ನಮ್ಮ ಎರಡು ಸಲ ತೆಗೆದುಕೊಟ್ಟಳು.

ಆ ಕನ್ನಡಕದವನು ನಿಮ್ಮ ಮರಗಳನ್ನು ಮುಟ್ಟಿದರೆ ನಾನು ಈ ಕಸುಬು ಬಿಟ್ಟ ಹಾಗೆ. ಭಾನುವಾರ ಹದಿನಾರಕ್ಕೆ ಬರುತ್ತೇನೆ.

ಎರಡು ಷರತ್ತು. ಕೊಯ್ಯುವಾಗ ನಿಮ್ಮವರೊಬ್ಬರು ಸಾಮಿಲ್ಲಿನಲ್ಲಿ ಕೂತಿರಬೇಕು. ನಾಳೆ ಬೆಕ್ಕು, ಹಾಲು ಎಂಬ ಮಾತು ಬೇಡ. ಎರಡನೆಯದು ಮುಖ್ಯ. ಹನ್ನೊಂದು ಮರವನ್ನೂ ಒಂದೇ ರಾಶಿ ಮಾಡಿ. ಬಂದದ್ದನ್ನು ಅಳತೆಯ ಪ್ರಕಾರ ಹಂಚಿಕೊಳ್ಳಿ. ನನ್ನ ಮರದ್ದು ನನಗೆ, ನಿನ್ನ ಮರದ್ದು ನಿನಗೆ ಎಂದು ಹೊರಟರೆ ಒಂದು ಪೊಳ್ಳು ಮರ ಒಂದು ಮನೆಯನ್ನು ಮಲಗಿಸುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನೆಟ್ಟವರಾರೂ ತಮ್ಮ ಮರ ಪೊಳ್ಳೆಂದು ನಂಬುವುದಿಲ್ಲ. ನಾನು ನಂಬುತ್ತೇನೆ, ನೋಡಿದ್ದೇನೆ.

ಒಂದು ಮಾತು ನಿನಗೆ ಮಾತ್ರ. ಆರು, ನಾಲ್ಕು ಎಂದು ಬರೆದೆಯಲ್ಲ, ಅಂದಿನಿಂದ ಅಂಗಳದಲ್ಲಿ ಬಿದ್ದಿರುವ ದಿಮ್ಮಿಗಳನ್ನೆಲ್ಲ ಹಾಗೇ ಲೆಕ್ಕ ಹಾಕುತ್ತ ಓಡಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಹೊಸ ಆಟ ಸಿಕ್ಕಿದಂತಾಗಿದೆ. ಯಾರಿಗೂ ಹೇಳಬೇಡ. ಹೇಳುತ್ತೀಯ, ಗೊತ್ತು.

ಅಪ್ಪ

* * *

ಫೆಬ್ರವರಿ ೨೪

ಅಪ್ಪ,

ನೀವು ಬಂದು ಹೋಗಿ ಎಂಟು ದಿನ. ನಡೆದದ್ದು ನಿಮಗೆ ಗೊತ್ತೇ ಇದೆ. ಆದರೆ ನನ್ನ ಬಾಯಿಂದ ಬಂದದ್ದು ನಿಮಗೆ ಪೂರ್ತಿ ಕೇಳಿಸಿತೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ. ಕೇಳಿಸಿರದಿದ್ದರೆ ನಾನು ತಪ್ಪಿಸಿಕೊಂಡ ಹಾಗಾಗುತ್ತದೆ. ಅದು ಬೇಡ, ಬರೆದೇ ಹೇಳುತ್ತೇನೆ.

ಮೊದಲ ಆರು ಮರಗಳವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. "ಒಂದೇ ಸಂಖ್ಯೆ ಹೇಳ್ತೀನಿ, ಕಿವಿಗೂ ಅದೇ, ಬಾಯಿಗೂ ಅದೇ" ಅಂದಿರಿ. ನೀವು ಮರ ಅಪ್ಪಿ ಕೂಗುವುದು, ನಾನು ಟೇಪು ಸುತ್ತುವುದು, ಎರಡೂ ಒಂದಡಿಯೊಳಗೆ ಸೇರುವುದು. ಜನ ಹಿಂದೆ ಹಿಂದೆ ಓಡಿ ಬರುತ್ತಿದ್ದರು. ಗೊಣಗಣ್ಣ ಅರ್ಧ ಗಂಟೆ ಗೊಣಗಲಿಲ್ಲ. ನಮ್ಮಪ್ಪ ಎಂದು ಎಷ್ಟು ಸಲ ಎಲ್ಲರಿಗೂ ಹೇಳಿದೆನೋ.

ಏಳನೆಯದು ನಮ್ಮ ಮೂಲೆಯ ಮರ. ನೀವು ಕೊಡಲಿಯ ಹಿಂಬದಿಯಿಂದ ತಟ್ಟಿದಿರಿ, ಅಂಗೈ ಇಟ್ಟು ನಿಂತಿರಿ, ಮತ್ತೆ ತಟ್ಟಿದಿರಿ. "ಹದಿನೆಂಟು" ಅಂದಿರಿ. ಟೇಪು ಮೂವತ್ನಾಲ್ಕು ಹೇಳುತ್ತಿತ್ತು.

"ಸ್ವಂತ ಮಗಳ ಮರಕ್ಕೇ ಹೀಗಂದ್ರೆ ನಮ್ಮ ಮರಗಳ ಗತಿ ಏನು?" ಅಂದರು ಗೊಣಗಣ್ಣ.

"ಒಳಗೆ ಏನೋ ಸರಿಯಿಲ್ಲಮ್ಮ. ಕೈಗೆ ಗೊತ್ತಾಗ್ತಿದೆ" ಅಂದಿರಿ ನೀವು.

ಆಗ ನಾನಂದೆ: "ಹಿಂದೆ ನಿಂತು ಲಾರಿ ಹಾರ್ನ್ ಹೊಡೆದ್ರೂ ಕೇಳಿಸಲ್ಲ ನಿಮಗೆ. ಮರ ತಟ್ಟಿ ಏನು ಕೇಳಿಸ್ಕೊಂಡ್ರಿ?"

ಒಂದಿಬ್ಬರು ನಕ್ಕರು. ನೀವು ನನ್ನ ಮುಖವನ್ನೇ ನೋಡಿ "ಸರಿ, ಮೂವತ್ನಾಲ್ಕು. ಬರ್ಕೊಳ್ಳಿ" ಅಂದಿರಿ. ಉಳಿದ ನಾಲ್ಕನ್ನೂ ಕೂಗಿ ಮುಗಿಸಿ ಚಹಾ ಕುಡಿಯದೆ ಹೊರಟಿರಿ. ಅಳತೆಯ ವಿಷಯದಲ್ಲಿ ನಾನು ಹೇಳಿದ್ದು ಸರಿ ಎಂದೇ ಈಗಲೂ ಅನ್ನುತ್ತೇನೆ. ಆ ಮಾತು ಮಾತ್ರ ತಪ್ಪು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಒಂದೇ ರಾಶಿ ಮಾಡಲು ಯಾರೂ ಒಪ್ಪಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದವಳು ನಾನು. ಮೂವತ್ನಾಲ್ಕಡಿಯ ಮರವನ್ನು ಹದಿಮೂರಡಿಯ ಮರಗಳ ಜೊತೆ ಕಲಸಲು ಮನಸ್ಸು ಬರಲಿಲ್ಲ. ಒಪ್ಪಂದದಲ್ಲಿ "ಅವರವರ ಮರದ್ದು ಅವರವರಿಗೆ" ಎಂದು ನನ್ನ ಕೈಯಾರೆ ಬರೆದಿದ್ದೇನೆ.

ನಿಮ್ಮ ಮಗಳು

* * *

ಮಾರ್ಚ್ ೧೦

ಅಪ್ಪ,

ನೀವು ಬರೆಯಲಿಲ್ಲ. ಮುಂಗಡ ಮಾತ್ರ ಹೇಳಿದ ದಿನಕ್ಕೆ ಬಂತು, ಗುಮಾಸ್ತನ ಕೈಯಲ್ಲಿ. "ಯಜಮಾನ್ರು ಚೆನ್ನಾಗಿದಾರಾ?" ಅಂದರೆ "ಮರ ಎಣಿಸ್ತಾ ಇದಾರೆ" ಅಂದ. ಇದನ್ನು ಏನೆಂದು ಅರ್ಥ ಮಾಡಿಕೊಳ್ಳಲಿ?

ಸಿಟ್ಟಿದ್ದರೂ ಇದನ್ನು ಕೇಳಲೇಬೇಕು, ಹೇಳದಿದ್ದರೆ ನನಗೆ ತಡೆಯಲಾಗುವುದಿಲ್ಲ. ಮೂರು ದಿನ ಊರಿಗೆ ಊರೇ ಬದುವಿನ ಮೇಲಿತ್ತು. ಒಂದೊಂದು ಮರ ಬೀಳುವಾಗಲೂ ಮೊದಲು ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ತುದಿ ಸ್ವಲ್ಪ ವಾಲುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಒಂದೂ ಬಂಡೆಯ ಮೇಲೆ ಬೀಳಲಿಲ್ಲ. ನಮ್ಮದು ಬಿದ್ದಾಗ ಅತ್ತೆ ಹತ್ತಿರ ಹೋಗಿ ಬುಡದ ಕೊಯ್ತವನ್ನು ಸವರಿ ನೋಡಿದರು. ಬುಡವೂ ಗಟ್ಟಿ, ತುದಿಯೂ ಗಟ್ಟಿ, ಎರಡು ಕಡೆಯೂ ಎಣ್ಣೆ ಹಚ್ಚಿದ ಹಾಗೆ ಮಿನುಗುವ ಚೇಗಿನ ತಿರುಳು. ಲಾರಿಯವನು ಎರಡು ತುಂಡು ಮಾಡೋಣ ಅಂದ. ನಾನು ಬಿಡಲಿಲ್ಲ. ಉದ್ದದ ತೊಲೆಗೆ ಬೆಲೆ ಹೆಚ್ಚು ಎಂದು ನೀವೇ ಹೇಳುತ್ತಿದ್ದಿರಿ. ಹದಿನೆಂಟಡಿ ಉದ್ದದ ಒಂದೇ ದಿಮ್ಮಿ, ಹನ್ನೆರಡು ಜನ ಹಗ್ಗ ಹಿಡಿದು ಹತ್ತಿಸಿದರು. ನಿಮ್ಮ ಅಳಿಯನ ಸೊಂಟ ಹಿಡಿದುಕೊಂಡಿದೆ. ಸುತ್ತಳತೆ ಮಾತ್ರ ಕಡಿಮೆಯಾಗಿಲ್ಲ.

ಪ್ರತಿ ದಿಮ್ಮಿಯ ಎರಡು ತುದಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದೇನೆ. ಗೊಣಗಣ್ಣ ಲಾರಿಯಲ್ಲೇ ಬರುತ್ತಾರೆ, ಕೊಯ್ದು ಮುಗಿಯುವವರೆಗೆ ಅಲ್ಲಿರುತ್ತಾರೆ. ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ಅವರ ಊಟ ತಿಂಡಿ ನೋಡಿಕೊಳ್ಳಿ.

ನಿಮ್ಮ ಟೇಪಮ್ಮ

* * *

ಮಾರ್ಚ್ ೨೯

ಒಪ್ಪಂದದ ಹನ್ನೊಂದು ಮನೆಯವರಿಗೆ,

ಎಲ್ಲ ಮರಗಳೂ ಕೊಯ್ದು, ಮಾರಿ ಆಗಿವೆ. ದಿಮ್ಮಿಯ ಅಳತೆಯಲ್ಲಿ ಹೊಟ್ಟು, ಅಂಚು ಕಳೆದು ಮೂರರಲ್ಲಿ ಎರಡು ಪಾಲು ಹಲಗೆ ಸಿಗುವುದು ವಾಡಿಕೆ. ನಿಮ್ಮವು ಹಾಗೇ ಸಿಕ್ಕಿವೆ. ಏಳನೇ ನಂಬರಿನದು ಇಪ್ಪತ್ತಮೂರು ಘನ ಅಡಿ. ದೊಡ್ಡ ಕಟ್ಟಡ ಕಟ್ಟಿಸುವವರೊಬ್ಬರು ಒಂದೇ ಕೈಯಲ್ಲಿ ಎಲ್ಲವನ್ನೂ ಕೊಂಡರು. ನಿಂತ ಮರವಾಗಿ ಮಾರಿದ್ದರೆ ಬರುತ್ತಿದ್ದದ್ದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಂದಿದೆ. ಪಟ್ಟಿ ಇದರ ಜೊತೆಗಿದೆ.

ನಿಮ್ಮ ಹಿರಿಯರು ನಾಲ್ಕು ದಿನ ಗರಗಸದ ಎದುರಿಗೆ ಕೂತಿದ್ದರು. ಮೂರನೇ ದಿನ ಮಾತ್ರ ಹಲ್ಲು ಕೀಳಿಸಲು ಹೋಗಿದ್ದರು. ಕೀಳಿಸಿದ ಮೇಲೆಯೂ ಮಾತು ಕಡಿಮೆಯಾಗಿಲ್ಲ.

ಇಂತಿ,
ಮರದ ವ್ಯಾಪಾರಿ

* * *

ಏಪ್ರಿಲ್ ೪

ಅಪ್ಪ, ಅಪ್ಪ,

ಒಂದೂವರೆ ಪಟ್ಟು. ಪಟ್ಟಿ ಓದುವಾಗ ಖುಷಿಗೆ ನನಗೆ ಸಾಲುಗಳೇ ತಪ್ಪಿ ಮೂರನೇ ಮನೆಯಿಂದ ಮುಂದೆ ನಿಮ್ಮ ಅಳಿಯ ಓದಿದರು. ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ. ತಮ್ಮ ತಮ್ಮ ಮರದ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡರು. ಗೊಣಗಣ್ಣ "ಇಷ್ಟು ಬರುತ್ತೆ ಅಂತ ಮೊದಲೇ ಹೇಳಿದ್ರೆ ಎರಡು ಮರ ಕೊಡ್ತಿದ್ದೆ" ಎಂದು ಗೊಣಗಿದರು. ಮುಂದಿನ ವರ್ಷಕ್ಕೆ ಈಗಲೇ ಅರವತ್ತು ಮರ ಆಗಿವೆ. ಪಕ್ಕದ ಊರಿನವರೂ ವಿಚಾರಿಸಿಕೊಂಡು ಹೋದರು.

ಇಪ್ಪತ್ತಮೂರಡಿ ಹಲಗೆ ಅಂದರೆ ಸರಿಯಾಗಿ ಮೂವತ್ನಾಲ್ಕರ ದಿಮ್ಮಿ. ನನ್ನ ಟೇಪು ಗೆದ್ದಿತು ಎಂದು ಒಂದೇ ಒಂದು ಸಲ ಹೇಳಿ ಸುಮ್ಮನಾಗುತ್ತೇನೆ. ಗೆದ್ದಿತು. ಸುಮ್ಮನಾದೆ.

ಮುಂಗಡವನ್ನೂ ಉಳಿದ ಪಾಲನ್ನೂ ಸೇರಿಸಿ ಬಾವಿಗೆ ಪಂಪು ಕೂರಿಸಲು ಕೊಟ್ಟಿದ್ದೇವೆ. ಅತ್ತೆ ಇನ್ನು ಕೊಡ ಮುಟ್ಟಬಾರದು. ಅವರದೊಂದೇ ಆಸೆ: ಏಳನೇ ಮರದ ಒಂದು ಹಲಗೆ ಬೇಕಂತೆ. ಮೂರಡಿ ಸಾಕು. "ಇಪ್ಪತ್ತೆರಡು ವರ್ಷ ಹೊರಗಿಂದ ನೋಡಿದೀನಿ, ಒಳಗೆ ಹೇಗಿತ್ತು ಅಂತ ನೋಡ್ಬೇಕು" ಅನ್ನುತ್ತಾರೆ. ಮಾರಿ ಹೋಗಿದ್ದರೂ ಆ ಕಟ್ಟಡದವರನ್ನು ಕೇಳಿ ಒಂದು ತುಂಡು ತರಿಸಿಕೊಡಿ. ಅದರ ದುಡ್ಡು ನಾನು ಕಳಿಸುತ್ತೇನೆ.

ನಿಮ್ಮ ಟೇಪಮ್ಮ

* * *

ಏಪ್ರಿಲ್ ೧೩

ಮಗಳೇ,

ಇದನ್ನು ಓದಿ ಒಲೆಗೆ ಹಾಕು.

ಏಳನೇ ಮರದ ಹಲಗೆ ಕಳಿಸಲು ಆಗುವುದಿಲ್ಲ. ಬೇರೆ ಮರದ ಚೆಂದದ ಹಲಗೆಯೊಂದನ್ನು ತೆಗೆದಿಟ್ಟೆ, ಕಟ್ಟಿಸಿದೆ, ವಿಳಾಸವನ್ನೂ ಬರೆಸಿದೆ. ನಿನ್ನತ್ತೆ ಅದನ್ನು ಸವರುತ್ತಾ ಕೂರುವುದನ್ನು ನೆನೆಸಿಕೊಂಡು ಬಿಚ್ಚಿಸಿದೆ. ಅಷ್ಟು ದೊಡ್ಡ ಸುಳ್ಳು ನನ್ನ ಕೈಲಾಗಲಿಲ್ಲ.

ನಿಮ್ಮ ಹಿರಿಯರು ಹಲ್ಲಿಗೆ ಹೋದ ದಿನ ಏಳನೆಯದನ್ನು ಗರಗಸಕ್ಕೆ ಕೊಟ್ಟೆವು. ನಾಲ್ಕಡಿ ಹೋದ ಮೇಲೆ ಮೇಸ್ತ್ರಿ ಕೈಯೆತ್ತಿದ. ನನಗೆ ಏನೂ ಕೇಳಿಸುವುದಿಲ್ಲ, ಅವನ ಮುಖ ನೋಡಿ ಗೊತ್ತಾಯಿತು. ನಡುವಿನಿಂದ ಕಪ್ಪು ಪುಡಿ ಸುರಿಯಿತು. ಹಿಂದೆ ಯಾವಾಗಲೋ ಗಾಳಿಗೆ ಒಂದು ದೊಡ್ಡ ಕೊಂಬೆ ಮುರಿದಿರಬೇಕು. ಗಾಯದ ಮೇಲೆ ತೊಗಟೆ ಬೆಳೆಯುವ ಮೊದಲೇ ನೀರು ಒಳಗಿಳಿದಿದೆ. ಬುಡ ತುದಿ ಗಟ್ಟಿ, ನಡುವೆ ಹತ್ತಡಿ ಉದ್ದಕ್ಕೂ ಪೊಳ್ಳು. ಸಿಕ್ಕಿದ್ದು ಆರು ಘನ ಅಡಿ ಹಲಗೆ, ಅದೂ ಉಳಿದವುಗಳ ಜೊತೆ ಬೆರೆತು ಕಟ್ಟಡಕ್ಕೆ ಹೋಯಿತು, ಇನ್ನು ಗುರುತು ಸಿಗದು. ಉಳಿದ ಹದಿನೇಳಡಿ ನನ್ನ ಅಂಗಳದ ಮರದಿಂದ ಸೇರಿಸಿದ್ದು. ನಾನೂ ಮೇಸ್ತ್ರಿಯೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷ ಜನರ ಮರಕ್ಕೆ ಕಡಿಮೆ ಕೂಗಿದವನು ಒಂದು ಮರಕ್ಕೆ ಹೆಚ್ಚು ಬರೆದೆ. ನನ್ನ ಮರ, ನನ್ನ ನಷ್ಟ, ಯಾರ ಗಂಟೇನು ಹೋಯಿತು?

ಇನ್ನೊಂದು. ಆ ದಿನ ನೀನು ಅಂದದ್ದು ನನಗೆ ಕೇಳಿಸಿರಲಿಲ್ಲ. ನಿನ್ನ ಕಾಗದದಲ್ಲಿ ಓದಿದಾಗಲೇ ಗೊತ್ತಾದದ್ದು. ಆ ದಿನ ಕಂಡದ್ದು ನಿನ್ನ ಮುಖ ಮಾತ್ರ. ಅಷ್ಟು ಜನರನ್ನು ಒಟ್ಟುಗೂಡಿಸಿದವಳು ಅವರೆದುರಿಗೆ ಸೋಲುವ ಹಾಗಿದ್ದಳು, ಅದಕ್ಕೇ ಮೂವತ್ನಾಲ್ಕು ಅಂದೆ. ಓದಿದ ಮೇಲೆ ಉತ್ತರ ಬರೆಯಲು ಕೂತೆ, ಕೈ ಬರಲಿಲ್ಲ. ನೋವಾಯಿತು. ಈಗ ಇಲ್ಲ.

ನಿನ್ನತ್ತೆಗೆ ಹಲಗೆಯೆಲ್ಲ ಮಾರಿಹೋಯಿತು ಅಂದುಬಿಡು.

ಅಪ್ಪ

* * *

ಏಪ್ರಿಲ್ ೧೯

ಅಪ್ಪ,

ಒಲೆಗೆ ಹಾಕಲಿಲ್ಲ. ಮೊದಲು ಅತ್ತೆಗೆ ಓದಿ ಹೇಳಿದೆ, ಆಮೇಲೆ ಹನ್ನೊಂದು ಮನೆಯವರನ್ನೂ ಕರೆದು ಪೂರ್ತಿ ಓದಿದೆ. ಗುಟ್ಟು ಇಡಲು ಬಾರದ ಮಗಳನ್ನು ಹೆತ್ತಿದ್ದೀರಿ, ಏನು ಮಾಡುವುದು.

ಓದದೆ ಹೇಗಿರಲಿ? ಮಗಳೆಂದು ನನ್ನ ಮರಕ್ಕೆ ಹೆಚ್ಚು ಬರೆದರೆ, ನಾಳೆ ಇನ್ನೊಬ್ಬರ ಮರಕ್ಕೆ ಕಡಿಮೆ ಬರೆದಿದ್ದಾರೆಂಬ ಅನುಮಾನ ಬಂದೇ ಬರುತ್ತದೆ. ಆ ಪಟ್ಟಿಯ ಒಂದು ಸಾಲು ಸುಳ್ಳಾದರೆ ಹನ್ನೊಂದೂ ಸುಳ್ಳು. ಅದನ್ನೇ ಹೇಳಿದೆ. ನಿಮ್ಮ ಕೈಗೆ ತಿಳಿದದ್ದು ನನ್ನ ಟೇಪಿಗೆ ತಿಳಿಯಲಿಲ್ಲ, ಕಿವಿಯ ಮಾತಾಡಿ ನಿಮಗೆ ಅವಮಾನ ಮಾಡಿದೆ ಎಂದೂ ಎಲ್ಲರ ಮುಂದೆ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ತಪ್ಪಾಯಿತು ಅಪ್ಪ. ನಿಮ್ಮ ಹದಿನೇಳಡಿಯನ್ನು ವಾಪಸು ಕೊಡುತ್ತೇನೆ, ಪಂಪು ಬೇಡವೆಂದು ಅಂಗಡಿಗೆ ಹೇಳಿ ಕಳಿಸಿದ್ದೇನೆ ಎಂದೂ ಹೇಳಿದೆ.

ಅತ್ತೆಯೇ ಮೊದಲು ಬಾಯಿಬಿಟ್ಟರು: "ಆ ಕೊಂಬೆ ಮುರಿದ ದಿನ ನೆನಪಿದೆ ನಂಗೆ. ಸೌದೆಗಾಯ್ತು ಅಂತ ಖುಷಿಯಾಗಿತ್ತು."

ಗೊಣಗಣ್ಣ ಎದ್ದು ನಿಂತರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರಂದರು: "ನಾನು ಹಲ್ಲು ಕೀಳಿಸೋಕೆ ಹೋಗಿದ್ದೇ ತಪ್ಪಾಯ್ತು. ಇರ್ಲಿ. ಗರಗಸದ ಮುಂದೆ ಮೂರು ದಿನ ಕೂತಿದ್ದೆ. ಒಂದೊಂದು ದಿಮ್ಮಿ ಒಳಗೆ ಹೋಗುವಾಗ್ಲೂ ಎದ್ದು ಹೋಗಿ ನಂಬರು ನೋಡ್ತಿದ್ದೆ. ನಂದೂ ಆಗ್ಬಹುದಿತ್ತು. ಈ ಹುಡುಗಿ ಬಾಯಿ ನೋಯಿಸ್ಕೊಂಡು ನಮ್ಮನ್ನ ಸೇರಿಸ್ದೇ ಇದ್ರೆ ನಮಗೆ ಒಂದೂವರೆ ಪಟ್ಟು ಎಲ್ಲಿ ಬರ್ತಿತ್ತು? ಲಾಭಕ್ಕೆ ಹನ್ನೊಂದು ಮನೆ, ಪೊಳ್ಳಿಗೆ ಒಂದೇ ಮನೆ ಅಂದ್ರೆ ಯಾವ ನ್ಯಾಯ?"

ಒಪ್ಪಂದದಲ್ಲಿ "ಅವರವರ ಮರದ್ದು ಅವರವರಿಗೆ" ಎಂದು ನಾನೇ ಬರೆದಿದ್ದೇನೆ, ಓದಿ ನೋಡಿ ಅಂದೆ. "ನಮಗೆ ಓದೋಕೆ ಬರಲ್ಲ" ಅಂದರು. ಅವರಿಗೆ ಚೆನ್ನಾಗಿಯೇ ಬರುತ್ತದೆ.

ಅಪ್ಪ, ಪೊಳ್ಳನ್ನು ಹನ್ನೊಂದು ಪಾಲು ಮಾಡಿದರು. ಹದಿನೇಳಡಿಯನ್ನು ಹನ್ನೊಂದರಿಂದ ಭಾಗಿಸಲು ನಾಲ್ಕು ಜನ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಲೆಕ್ಕ ಹಾಕಿದರು, ನಾಲ್ವರಿಗೂ ನಾಲ್ಕು ಉತ್ತರ ಬಂತು. ಮನೆಗೆ ಒಂದೂವರೆ ಅಡಿಯ ಲೆಕ್ಕದಲ್ಲಿ ದುಡ್ಡು ಒಟ್ಟುಮಾಡಿ ನಿಮ್ಮ ಅಳಿಯನ ಕೈಗೆ ಕೊಟ್ಟಿದ್ದಾರೆ. ಸೋಮವಾರ ತಂದು ನಿಮ್ಮ ಅಂಗಳಕ್ಕೆ ತಲುಪಿಸುತ್ತಾರೆ. ಮುಂದಿನ ವರ್ಷದ ಅರವತ್ತು ಮರ ಒಂದೇ ರಾಶಿ. ಕೂಗುವವರು ನೀವೇ, ನಾನು ಬರೆದುಕೊಳ್ಳುತ್ತೇನೆ.

ನಿಮ್ಮ ಮಗಳು

* * *

ಏಪ್ರಿಲ್ ೨೬

ಮಗಳೇ,

ಅಳಿಯಂದಿರು ಬಂದರು. ಗಂಟು ಕೊಟ್ಟರು. ಸೊಂಟ ಸರಿಹೋಗಿದೆಯಂತೆ. ಗಂಟನ್ನು ಅವರ ಕೈಯಲ್ಲೇ ವಾಪಸು ಕಳಿಸಿದ್ದೇನೆ, ಬಿಚ್ಚಿಲ್ಲ. ಅಂಗಡಿಗೆ ಹೇಳಿ ಪಂಪು ಕೂರಿಸು.

ದುಡ್ಡು ಬೇಡವೆಂದಲ್ಲ. ಲೆಕ್ಕ ತಪ್ಪಾಗಿದೆ. ಮಣ್ಣಿನಲ್ಲಿ ಕಡ್ಡಿಯಿಂದ ಬರೆದವರು ನಾಲ್ವರೂ ತಪ್ಪು ಮಾಡಿದ್ದೀರಿ, ನೀನೂ ಸೇರಿ. ಹನ್ನೊಂದಲ್ಲ, ಹನ್ನೆರಡರಿಂದ ಭಾಗಿಸಬೇಕು. ಕೈಗೆ ತಿಳಿದಿದ್ದೂ ಮೂವತ್ನಾಲ್ಕು ಬರೆಸಿದವನು ನಾನು. ಲಾಭದಲ್ಲಿ ನಾಲ್ಕು ಪಾಲು ಎಣಿಸಿ ತೆಗೆದುಕೊಂಡಿದ್ದೇನೆ. ಪೊಳ್ಳಿನಲ್ಲಿ ನನಗೆ ಪಾಲಿಲ್ಲವೆಂದರೆ ನಾನು ಇನ್ನೂ ನಿಮ್ಮ ಬದುವಿನ ಆಚೆ ನಿಂತ ವ್ಯಾಪಾರಿ ಎಂದಾಯಿತು.

ಸಭೆ ಕರೆದು ಇದನ್ನೂ ಓದು. ಹೇಗೂ ಓದುತ್ತೀಯ. ಹನ್ನೆರಡು ಪಾಲು ಮಾಡಿ, ನನ್ನದನ್ನು ಹಿಡಿದುಕೊಂಡು, ಉಳಿದದ್ದನ್ನು ಕಳಿಸಿ. ಅಲ್ಲಿಯವರೆಗೆ ನಾನು ಒಂದು ಮರವನ್ನೂ ಮುಟ್ಟುವುದಿಲ್ಲ.

ಅಪ್ಪ